ಎಸ್‌ಕ್ಯೂಎಲ್ ಸ್ಕ್ರಿಪ್ಟ್ ಎಲ್ಲಿಂದ ರನ್ ಮಾಡಬೇಕು? ಕ್ರಾನ್‌ನಿಂದ ಏರ್‌ಫ್ಲೋವರೆಗೆ ಒಂದು ಹೋಲಿಕೆ

ಪುಣೆಯ ಹಿಂಜೆವಾಡಿ, ಖರಾಡಿ ಕಡೆ ಡೇಟಾ ಕೆಲಸ ಮಾಡುವ ಕನ್ನಡದವರು ಬಹಳ ಜನ. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಯಿಂದ ಬಂದವರು. ಮುಂಬೈಯಲ್ಲಿ ಹೋಟೆಲ್‌ಗಳ ಲೆಕ್ಕ ನೋಡುವವರಿದ್ದಾರೆ. ಗೋವಾದ ವೆರ್ಣಾದಲ್ಲಿ ಕಾರ್ಖಾನೆಗಳ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರಿದ್ದಾರೆ. ಇವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ. ಒಂದು ಕಡೆಯಿಂದ ಡೇಟಾ ಎತ್ತಿ ಇನ್ನೊಂದು ಕಡೆ ಹಾಕುವಾಗ ನಡುವೆ ನಾಲ್ಕಾರು ಎಸ್‌ಕ್ಯೂಎಲ್ ಸ್ಕ್ರಿಪ್ಟ್ (ಡೇಟಾಬೇಸ್‌ಗೆ ಕೊಡುವ ಆದೇಶಗಳ ಫೈಲ್) ರನ್ ಆಗಬೇಕು. ಬಂದ ಡೇಟಾವನ್ನು ತಾತ್ಕಾಲಿಕವಾಗಿ ಇಡುವ ಸ್ಟೇಜಿಂಗ್ ಟೇಬಲ್ ಖಾಲಿ ಮಾಡಬೇಕು, ಹೊಸ ಡೇಟಾವನ್ನು ಮುಖ್ಯ ಟೇಬಲ್ ಜೊತೆ ಮರ್ಜ್ ಮಾಡಬೇಕು, ಕೊನೆಗೆ ಮೊತ್ತ ತಾಳೆ ನೋಡಬೇಕು. ಇದನ್ನೆಲ್ಲ ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಲಿನಕ್ಸ್‌ನ ಕ್ರಾನ್‌ನಲ್ಲಿ ಹಾಕೋದಾ, ಡೇಟಾಬೇಸ್ ಒಳಗೇ ಇಡೋದಾ, ಚಿತ್ರ ಎಳೆದು ಡೇಟಾ ಸಾಗಿಸುವ ಎಸ್‌ಎಸ್‌ಐಎಸ್ ಥರದ ಟೂಲ್ ತಗೊಳ್ಳೋದಾ, ಕೆಲಸಗಳ ಸರಣಿಯನ್ನು ಪೈಥಾನ್‌ನಲ್ಲಿ ಬರೆಯುವ ಏರ್‌ಫ್ಲೋ ಕಲಿಯೋದಾ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಸರಿಯಾಗಿ ನಡೆದ ದಿನ ಈ ಟೂಲ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಕಾಣುವುದು ಕೆಲಸ ಅರ್ಧಕ್ಕೆ ನಿಂತ ರಾತ್ರಿ. ಆದ್ದರಿಂದ ಡೆಮೊ ನೋಡಿ ಆರಿಸಬೇಡಿ, ಕೆಟ್ಟಾಗ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಿ ಆರಿಸಿ.

ಯಾವುದನ್ನು ಅಳೆಯಬೇಕು

ಮೊದಲನೆಯದು, ತಪ್ಪು ಆದಾಗ ನಿಲ್ಲುತ್ತದೆಯೇ, ನಿಂತದ್ದು ನಿಮಗೆ ಗೊತ್ತಾಗುತ್ತದೆಯೇ. ಇದು ತೀರಾ ಸಣ್ಣ ಪ್ರಶ್ನೆ ಅನ್ನಿಸುತ್ತದೆ, ಅಲ್ವಾ? ಆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಆದೇಶ ಕಳಿಸುವ ಪಿಎಸ್‌ಕ್ಯೂಎಲ್ ಪ್ರೋಗ್ರಾಂಗೆ ಒಂದು ಸ್ಕ್ರಿಪ್ಟ್ ಫೈಲ್ ಕೊಟ್ಟು ನೋಡಿ. ಮೂರನೇ ಸಾಲಿನಲ್ಲಿ ತಪ್ಪು ಬಂದರೂ ಅದು ನಾಲ್ಕನೇ ಸಾಲಿಗೆ ಹೋಗುತ್ತದೆ. ಕೊನೆಗೆ ಎಲ್ಲ ಸರಿಯಿದೆ ಎನ್ನುವ ಎಕ್ಸಿಟ್ ಕೋಡ್ ಸೊನ್ನೆಯನ್ನೇ ಕೊಡುತ್ತದೆ. ‘ಆನ್ ಎರರ್ ಸ್ಟಾಪ್’ ಎಂಬ ವೇರಿಯಬಲ್ ಹಾಕಿದರೆ ಮಾತ್ರ ಅದು ತಪ್ಪಿನ ಜಾಗದಲ್ಲಿ ನಿಂತು 3 ಎಂಬ ಕೋಡ್ ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಎಸ್‌ಕ್ಯೂಎಲ್‌ಸಿಎಮ್‌ಡಿಗೆ ‘ಬಿ’ ಸ್ವಿಚ್ ಬೇಕು. ಒರಾಕಲ್‌ನ ಎಸ್‌ಕ್ಯೂಎಲ್ ಪ್ಲಸ್‌ಗೆ ‘ವೆನೆವರ್ ಎಸ್‌ಕ್ಯೂಎಲ್ ಎರರ್ ಎಕ್ಸಿಟ್’ ಬರೆಯಬೇಕು. ಮೈಎಸ್‌ಕ್ಯೂಎಲ್ ಮಾತ್ರ ಫೈಲ್ ಓದುವಾಗ ತಾನಾಗಿಯೇ ಮೊದಲ ತಪ್ಪಿಗೆ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಎಷ್ಟೇ ದುಬಾರಿ ಟೂಲ್ ತಂದರೂ, ಅದು ಈ ಸ್ಕ್ರಿಪ್ಟ್‌ಗಳನ್ನು ಕರೆದು ಹಸಿರು ಬಣ್ಣ ತೋರಿಸುತ್ತಲೇ ಇರುತ್ತದೆ.

ಎರಡನೆಯದು, ಮತ್ತೆ ರನ್ ಮಾಡಿದರೆ ಲೆಕ್ಕ ಕೆಡುತ್ತದೆಯೇ. ಹೋಟೆಲ್ ಒಂದರ ದಿನದ ಮಾರಾಟ ಎರಡು ಸಲ ಸೇರಿತು ಅಂದುಕೊಳ್ಳಿ. ಮರುದಿನದ ರಿಪೋರ್ಟ್ ಕೆಡುವುದಷ್ಟೇ ಅಲ್ಲ, ಮುಂದಿನ ತಿಂಗಳು 11ನೇ ತಾರೀಖಿನ ಒಳಗೆ ಕೊಡಬೇಕಾದ ಜಿಎಸ್‌ಟಿಆರ್-1ರ ಅಂಕಿಯೂ ಕೆಡುತ್ತದೆ. ಇದಕ್ಕೆ ಮದ್ದು ಸ್ಕ್ರಿಪ್ಟ್‌ನಲ್ಲೇ ಇದೆ. ಆ ದಿನದ ಸಾಲುಗಳನ್ನು ಅಳಿಸಿ ಮತ್ತೆ ಹಾಕುವುದು, ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ, ಅಂದರೆ ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಇಲ್ಲವೇ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಅನ್ನುವ ಕ್ವೆರಿ. ಪೋಸ್ಟ್‌ಗ್ರೆಸ್‌ನಲ್ಲಿ ‘ಆನ್ ಕಾನ್‌ಫ್ಲಿಕ್ಟ್’ 9.5ನೇ ಆವೃತ್ತಿಯಿಂದಲೂ ‘ಮರ್ಜ್’ 15ನೇ ಆವೃತ್ತಿಯಿಂದಲೂ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಆನ್ ಡೂಪ್ಲಿಕೇಟ್ ಕೀ ಅಪ್‌ಡೇಟ್’ ಇದೆ.

ಇಲ್ಲೊಂದು ಎಚ್ಚರಿಕೆ. ಟೇಬಲ್ ಕಟ್ಟುವ, ಬದಲಿಸುವ ಆದೇಶಗಳನ್ನು ಪೋಸ್ಟ್‌ಗ್ರೆಸ್ ಟ್ರಾನ್ಸಾಕ್ಷನ್ ಒಳಗೆ ಇಟ್ಟು ಹಿಂದಕ್ಕೆ ತೆಗೆದುಕೊಳ್ಳಬಲ್ಲದು. ಒರಾಕಲ್ ಮತ್ತು ಮೈಎಸ್‌ಕ್ಯೂಎಲ್ ಹಾಗಲ್ಲ. ನಡುವೆ ಒಂದು ‘ಆಲ್ಟರ್ ಟೇಬಲ್’ ಅಥವಾ ‘ಟ್ರಂಕೇಟ್’ ಬಂದರೆ ಅಲ್ಲಿಯವರೆಗಿನ ಕೆಲಸ ತಾನಾಗಿ ಕಮಿಟ್, ಅಂದರೆ ಕಾಯಂ, ಆಗುತ್ತದೆ. ಆಮೇಲೆ ರೋಲ್‌ಬ್ಯಾಕ್ ಅಂದರೂ ಹಳೆಯದು ಬರುವುದಿಲ್ಲ.

ಮೂರನೆಯದು ಗಡಿಯಾರ. ನಮ್ಮ ದೇಶದಲ್ಲಿ ಇದನ್ನು ಪ್ರತ್ಯೇಕವಾಗಿ ನೋಡಲೇಬೇಕು. ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್ (ಸರ್ವರ್‌ಗಳಿರುವ ಕೇಂದ್ರ) 2016ರಿಂದ ಇದೆ. ಆದರೆ ಸರ್ವರ್ ಮುಂಬೈಯಲ್ಲಿದೆ ಅಂದ ಮಾತ್ರಕ್ಕೆ ಅದರ ಗಡಿಯಾರ ನಮ್ಮದಾಗುವುದಿಲ್ಲ. ನೀವು ಬದಲಿಸದಿದ್ದರೆ ಅದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ 2 ಗಂಟೆಗೆ ರನ್ ಆದ ಸ್ಕ್ರಿಪ್ಟ್ ‘ಕರೆಂಟ್ ಡೇಟ್’ ಕೇಳಿದರೆ ಅದಕ್ಕೆ ಸಿಗುವುದು ನಿನ್ನೆಯ ತಾರೀಖು. 5.30 ದಾಟಿದ ಮೇಲೆ ರನ್ ಆದರೆ ಇವತ್ತಿನದು. ರಾತ್ರಿ ನಿಂತ ಕೆಲಸವನ್ನು ಬೆಳಿಗ್ಗೆ ಎದ್ದು ಕೈಯಿಂದ ಮತ್ತೆ ರನ್ ಮಾಡುವವರು ಬೇರೆಯೇ ದಿನದ ಡೇಟಾ ಎತ್ತಿಬಿಡುತ್ತಾರೆ. ಹಾಗಾಗಿ ತಾರೀಖನ್ನು ಸ್ಕ್ರಿಪ್ಟ್ ತಾನೇ ಕೇಳಬಾರದು, ಹೊರಗಿನಿಂದ ನಾವು ಕೊಡಬೇಕು. ಈ ಸೌಲಭ್ಯ ಯಾವ ಟೂಲ್‌ನಲ್ಲಿ ಸುಲಭ ಅನ್ನುವುದು ದೊಡ್ಡ ಅಳತೆ.

ಉಳಿದವು ಬೇಗ ಹೇಳಬಹುದು. ಡೇಟಾ ಸುಮ್ನೆ ನೆಟ್‌ವರ್ಕ್‌ನಲ್ಲಿ ಓಡಾಡುತ್ತದೆಯೇ? ಪಾಸ್‌ವರ್ಡ್ ಎಲ್ಲಿ ಇರುತ್ತದೆ? ದುಡ್ಡು ಎಷ್ಟು? ಮತ್ತು ಯಾರು ನೋಡಿಕೊಳ್ಳುತ್ತಾರೆ? ಗಣಪತಿ ಹಬ್ಬಕ್ಕೆ ಅರ್ಧ ಆಫೀಸು ಊರಿಗೆ ಹೋಗಿರುತ್ತದೆ. ಜುಲೈ ಮಳೆಗೆ ಲೋಕಲ್ ಟ್ರೇನ್ ನಿಂತಿರುತ್ತದೆ. ಆ ದಿನ ಉಳಿದಿರುವ ಒಬ್ಬರಿಗೆ ಆ ಟೂಲ್ ತೆರೆದು ನೋಡಲು ಬರಬೇಕು.

ಕ್ರಾನ್ ಮತ್ತು ಸಾದಾ ಸ್ಕ್ರಿಪ್ಟ್

ಇದಕ್ಕೆ ಖರ್ಚಿಲ್ಲ, ಲಿನಕ್ಸ್ ಇದ್ದರೆ ಸಾಕು. ಎಸ್‌ಕ್ಯೂಎಲ್ ಫೈಲ್‌ಗಳು ಗಿಟ್‌ನಲ್ಲಿ ಇರುತ್ತವೆ, ಯಾರು ಏನು ಬದಲಿಸಿದರು ಅಂತ ಗೊತ್ತಾಗುತ್ತದೆ. ತಾರೀಖನ್ನು ಶೆಲ್ ಸ್ಕ್ರಿಪ್ಟ್‌ನಿಂದ ವೇರಿಯಬಲ್ ಆಗಿ ಕೊಡುವುದು ಸುಲಭ. ನಾನು ಇದನ್ನು ಕೀಳಾಗಿ ನೋಡುವುದಿಲ್ಲ. ಸರಿಯಾಗಿ ಬರೆದ ಕ್ರಾನ್ ಕೆಲಸ ವರ್ಷಗಟ್ಟಲೆ ತೊಂದರೆ ಕೊಡದೆ ನಡೆಯುತ್ತದೆ.

ಸರಿಯಾಗಿ ಅಂದರೆ ಏನು? ತಪ್ಪಿಗೆ ನಿಲ್ಲುವ ಸ್ವಿಚ್ ಹಾಕಿರಬೇಕು. ಹಿಂದಿನ ರನ್ ಮುಗಿಯುವ ಮೊದಲು ಇನ್ನೊಂದು ಶುರುವಾಗದಂತೆ ‘ಎಫ್‌ಲಾಕ್’ ಇರಬೇಕು. ಪಾಸ್‌ವರ್ಡ್ ಸ್ಕ್ರಿಪ್ಟ್‌ನಲ್ಲಿ ಇರಬಾರದು. ಪೋಸ್ಟ್‌ಗ್ರೆಸ್‌ಗೆ ಪಿಜಿಪಾಸ್ ಫೈಲ್ ಇದೆ, ಅದರ ಅನುಮತಿ 0600 (ಮಾಲೀಕ ಮಾತ್ರ ಓದಿ ಬರೆಯುವಂತೆ) ಇರಬೇಕು. ಬೇರೆಯವರು ಓದುವಂತಿದ್ದರೆ ಆ ಫೈಲನ್ನು ಬಳಸುವುದೇ ಇಲ್ಲ. ಕ್ರಾನ್‌ನ ಪಾತ್, ಅಂದರೆ ಅದು ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿ, ಚಿಕ್ಕದು, ಹಾಗಾಗಿ ಪ್ರೋಗ್ರಾಂಗಳ ಪೂರ್ತಿ ವಿಳಾಸ ಬರೆಯಬೇಕು. ಕೆಲಸ ಕೆಟ್ಟರೆ ಮೇಲ್ ಹೋಗುವ ಸಾಲನ್ನು ನೀವೇ ಬರೆಯಬೇಕು.

ಇದರ ಮಿತಿ ಒಂದೇ, ಆದರೆ ದೊಡ್ಡದು. ಕ್ರಾನ್‌ಗೆ ಗೊತ್ತಿರುವುದು ಗಡಿಯಾರ ಮಾತ್ರ. ‘ಲೋಡ್ 2 ಗಂಟೆಗೆ, ಮರ್ಜ್ 3 ಗಂಟೆಗೆ’ ಅಂತ ಹಾಕಿರುತ್ತೀರಿ. ತಿಂಗಳ ಕೊನೆಯ ದಿನ ಲೋಡ್ 3.10ಕ್ಕೆ ಮುಗಿಯುತ್ತದೆ, ಮರ್ಜ್ ಅರ್ಧ ಡೇಟಾ ಮೇಲೆ ಆಗಿಹೋಗಿರುತ್ತದೆ. ಒಂದೇ ಸರಣಿಯಾದರೆ ಎಲ್ಲವನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಒಂದರ ನಂತರ ಒಂದು ಕರೆದರೆ ಆಯಿತು. ಬೇರೆ ಬೇರೆ ಮೂಲಗಳಿಂದ ಬರುವ ಸರಣಿಗಳು ಒಂದನ್ನೊಂದು ಕಾಯಬೇಕಾದರೆ ಕ್ರಾನ್ ಬಿಡುವ ಸಮಯ ಬಂತು.

ಡೇಟಾಬೇಸ್ ಒಳಗಿನ ಶೆಡ್ಯೂಲರ್

ಎಲ್ಲ ಡೇಟಾ ಒಂದೇ ಡೇಟಾಬೇಸ್‌ನಲ್ಲಿದ್ದು, ಮಾಡಬೇಕಾದದ್ದು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಮಾತ್ರ ಅಂತಾದರೆ ಹೊರಗಿನ ಟೂಲ್ ಯಾಕೆ ಬೇಕು? ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಇಡುವ ಎಸ್‌ಕ್ಯೂಎಲ್ ಪ್ರೋಗ್ರಾಂ) ಬರೆದು ಅಲ್ಲೇ ಕರೆಯಿರಿ. ಎಸ್‌ಕ್ಯೂಎಲ್ ಸರ್ವರ್‌ಗೆ ಏಜೆಂಟ್ ಇದೆ, ಒರಾಕಲ್‌ಗೆ ಡಿಬಿಎಂಎಸ್ ಶೆಡ್ಯೂಲರ್, ಮೈಎಸ್‌ಕ್ಯೂಎಲ್‌ಗೆ ಈವೆಂಟ್ ಶೆಡ್ಯೂಲರ್, ಪೋಸ್ಟ್‌ಗ್ರೆಸ್‌ಗೆ ಪಿಜಿ ಕ್ರಾನ್. ಡೇಟಾ ಎಲ್ಲಿಯೂ ಓಡಾಡುವುದಿಲ್ಲ, ಪಾಸ್‌ವರ್ಡ್ ಹೊರಗೆ ಬರುವುದಿಲ್ಲ. ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ.

ಆದರೆ ನಾಲ್ಕೂ ಒಂದೇ ಮಟ್ಟದವಲ್ಲ. ಏಜೆಂಟ್‌ನಲ್ಲಿ ಹೆಜ್ಜೆಗಳು, ರಿಟ್ರೈ, ಕೆಟ್ಟರೆ ಇಮೇಲ್ ಎಲ್ಲ ಇದೆ. ಪಿಜಿ ಕ್ರಾನ್ ತನ್ನ ದಾಖಲೆಯನ್ನು ಒಂದು ಟೇಬಲ್‌ನಲ್ಲಿ ಬರೆದಿಟ್ಟು ಸುಮ್ಮನಾಗುತ್ತದೆ. ಅದನ್ನು ನೋಡಿ ನಿಮಗೆ ಹೇಳುವ ವ್ಯವಸ್ಥೆ ನೀವೇ ಮಾಡಬೇಕು. ಅದರ ಗಡಿಯಾರವೂ ಮೊದಲಿಗೆ ಜಿಎಂಟಿಯಲ್ಲೇ ಇರುತ್ತದೆ. ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಬಳಸುವ ಸಣ್ಣ ಅಂಗಡಿ, ಹೋಟೆಲ್‌ಗಳು ಒಂದು ವಿಷಯ ತಿಳಿದಿರಬೇಕು: ಉಚಿತವಾದ ಆ ಆವೃತ್ತಿಯಲ್ಲಿ ಏಜೆಂಟ್ ಇಲ್ಲ. ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ ಎಸ್‌ಕ್ಯೂಎಲ್‌ಸಿಎಮ್‌ಡಿ ಕರೆಯಬೇಕಾಗುತ್ತದೆ.

ಇನ್ನೊಂದು ಮಾತು. ಪ್ರೊಸೀಜರ್ ಡೇಟಾಬೇಸ್ ಒಳಗಿದೆ ಅಂತ ಅದರ ಪ್ರತಿಯನ್ನು ಗಿಟ್‌ನಲ್ಲಿ ಇಡದವರೇ ಜಾಸ್ತಿ. ಯಾರೋ ನೇರವಾಗಿ ಪ್ರೊಡಕ್ಷನ್‌ನಲ್ಲಿ ಒಂದು ಷರತ್ತು ಬದಲಿಸಿದರೆ ಹಿಂದೆ ಏನಿತ್ತು ಅಂತ ಹೇಳುವವರು ಇರುವುದಿಲ್ಲ. ಈ ಶಿಸ್ತು ಇಲ್ಲದ ಕಡೆ ನಾನು ಈ ದಾರಿ ಬೇಡ ಅನ್ನುತ್ತೇನೆ.

ಚಿತ್ರ ಎಳೆದು ಕಟ್ಟುವ ಟೂಲ್‌ಗಳು: ಎಸ್‌ಎಸ್‌ಐಎಸ್, ಪೆಂಟಾಹೊ, ಹಾಪ್

ಪುಣೆಯ ಸರ್ವಿಸ್ ಕಂಪನಿಗಳಲ್ಲಿ ಇರುವವರಿಗೆ ಇವು ದಿನನಿತ್ಯದ ಊಟ. ಹಲವು ಮೂಲಗಳಿಂದ ಎತ್ತಿ, ಜೋಡಿಸಿ, ಹಾಕಲು ಇವು ನಿಜಕ್ಕೂ ಒಳ್ಳೆಯವು. ಆದರೆ ಎಸ್‌ಕ್ಯೂಎಲ್ ರನ್ ಮಾಡಲು ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ತಪ್ಪು ದಾರಿ ಹಿಡಿದರೆ ಟೂಲ್‌ಗೆ ಕೆಟ್ಟ ಹೆಸರು ಬರುತ್ತದೆ.

ಎಸ್‌ಎಸ್‌ಐಎಸ್ ನೋಡಿ. ಎಸ್‌ಕ್ಯೂಎಲ್ ಸರ್ವರ್ 2005ರ ಜೊತೆ ಬಂದದ್ದು. ಕೆಲಸಗಳ ಕ್ರಮ ಹೇಳುವ ಕಂಟ್ರೋಲ್ ಫ್ಲೋನಲ್ಲಿ ‘ಎಕ್ಸಿಕ್ಯೂಟ್ ಎಸ್‌ಕ್ಯೂಎಲ್ ಟಾಸ್ಕ್’ ಇದೆ, ಸಾಲುಗಳು ಹರಿಯುವ ಡೇಟಾ ಫ್ಲೋನಲ್ಲಿ ‘ಒಎಲ್‌ಇ ಡಿಬಿ ಕಮಾಂಡ್’ ಇದೆ. ಎರಡರಲ್ಲೂ ಅಪ್‌ಡೇಟ್ ಬರೆಯಬಹುದು. ಮೊದಲನೆಯದು ಕ್ವೆರಿಯನ್ನು ಒಂದು ಸಲ ಕಳಿಸುತ್ತದೆ. ಎರಡನೆಯದು ಹಾದುಹೋಗುವ ಪ್ರತಿ ಸಾಲಿಗೂ ಒಂದು ಸಲ ಕಳಿಸುತ್ತದೆ. ಮದುವೆ ಮನೆಯ ಒಂದೊಂದು ಹೋಳಿಗೆಗೂ ಅಂಗಡಿಗೆ ಹೋಗಿ ಬಂದಂತೆ. 5 ಲಕ್ಷ ಸಾಲಿದ್ದರೆ 5 ಲಕ್ಷ ಅಪ್‌ಡೇಟ್. ಸಾಲುಗಳನ್ನು ಸ್ಟೇಜಿಂಗ್ ಟೇಬಲ್‌ಗೆ ಒಟ್ಟಿಗೆ ಸುರಿದು, ಆಮೇಲೆ ಎಕ್ಸಿಕ್ಯೂಟ್ ಎಸ್‌ಕ್ಯೂಎಲ್ ಟಾಸ್ಕ್‌ನಿಂದ ಒಂದೇ ಅಪ್‌ಡೇಟ್ ಕೊಡುವುದು ಸರಿಯಾದ ದಾರಿ. ಒಂದು ಟಾಸ್ಕ್‌ನಲ್ಲಿ ಕಟ್ಟಿದ ತಾತ್ಕಾಲಿಕ ಟೇಬಲ್ ಮುಂದಿನ ಟಾಸ್ಕ್‌ಗೆ ಕಾಣಬೇಕಾದರೆ ಕನೆಕ್ಷನ್‌ನಲ್ಲಿ ‘ರಿಟೇನ್ ಸೇಮ್ ಕನೆಕ್ಷನ್’ ಆನ್ ಮಾಡಬೇಕು. ಪ್ಯಾರಾಮೀಟರ್ ಗುರುತೂ ಕನೆಕ್ಷನ್‌ಗೆ ತಕ್ಕಂತೆ ಬದಲಾಗುತ್ತದೆ: ಒಎಲ್‌ಇ ಡಿಬಿಗೆ ಪ್ರಶ್ನಾರ್ಥಕ ಚಿಹ್ನೆ, ಎಡಿಒ ಡಾಟ್ ನೆಟ್‌ಗೆ ಹೆಸರು.

ಪೆಂಟಾಹೊದಲ್ಲಿ ಬೇರೆ ಥರದ ಬಲೆ ಇದೆ. ಟ್ರಾನ್ಸ್‌ಫಾರ್ಮೇಷನ್ ಒಳಗಿನ ಸ್ಟೆಪ್‌ಗಳು ಒಂದರ ನಂತರ ಒಂದು ನಡೆಯುವುದಿಲ್ಲ, ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಅಲ್ಲಿ ‘ಎಕ್ಸಿಕ್ಯೂಟ್ ಎಸ್‌ಕ್ಯೂಎಲ್ ಸ್ಕ್ರಿಪ್ಟ್’ ಇಟ್ಟರೆ, ಪ್ರತಿ ಸಾಲಿಗೂ ರನ್ ಮಾಡು ಅಂತ ಗುರುತು ಹಾಕದಿದ್ದರೆ, ಅದು ಆರಂಭದ ಹಂತದಲ್ಲೇ ರನ್ ಆಗಿಬಿಡುತ್ತದೆ. ಚಿತ್ರದಲ್ಲಿ ಅದನ್ನು ತೀರಾ ಕೊನೆಗೆ ಇಟ್ಟಿದ್ದರೂ ಅಷ್ಟೇ. ಲೋಡ್ ಮುಗಿದ ಮೇಲೆ ಮರ್ಜ್ ಆಗಬೇಕು ಅಂತಿದ್ದರೆ ಅದು ಟ್ರಾನ್ಸ್‌ಫಾರ್ಮೇಷನ್ ಹೊರಗೆ, ಜಾಬ್‌ನಲ್ಲಿ ಇರಬೇಕು. ಜಾಬ್ ಒಂದರ ನಂತರ ಒಂದನ್ನು ನಡೆಸುತ್ತದೆ, ಸರಿ ಆದರೆ ಒಂದು ದಾರಿ, ಕೆಟ್ಟರೆ ಇನ್ನೊಂದು ದಾರಿ ಅಂತ ಗೆರೆ ಎಳೆಯಬಹುದು.

ದುಡ್ಡಿನ ಮಾತು. ಎಸ್‌ಕ್ಯೂಎಲ್ ಸರ್ವರ್ ಲೈಸೆನ್ಸ್ ಈಗಾಗಲೇ ಇದ್ದರೆ ಎಸ್‌ಎಸ್‌ಐಎಸ್ ಅದರಲ್ಲೇ ಬರುತ್ತದೆ. ಇಲ್ಲದಿದ್ದರೆ ಇದಕ್ಕಾಗಿಯೇ ಲೈಸೆನ್ಸ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಪೆಂಟಾಹೊದ ಹಳೆಯ ಮೂಲದಿಂದಲೇ ಕವಲೊಡೆದ ಅಪಾಚೆ ಹಾಪ್ ಪೂರ್ತಿ ಉಚಿತ, ಹೊಸದಾಗಿ ಶುರು ಮಾಡುವವರು ಅದನ್ನು ನೋಡಬಹುದು. ಟ್ಯಾಲೆಂಡ್ ಓಪನ್ ಸ್ಟುಡಿಯೊ ಉಚಿತ ಅಂತ ಹಳೆಯ ಪಾಠಗಳಲ್ಲಿ ಇರುತ್ತದೆ, ಅದು 2024ರ ಜನವರಿ 31ಕ್ಕೆ ನಿಂತಿದೆ. ಹೊಸ ಕೆಲಸವನ್ನು ಅದರ ಮೇಲೆ ಕಟ್ಟಬೇಡಿ.

ಕ್ಲೌಡ್‌ನ ಡೇಟಾ ಫ್ಯಾಕ್ಟರಿ

ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಸೆಂಟ್ರಲ್ ಇಂಡಿಯಾ ರೀಜನ್ ಇರುವುದು ಪುಣೆಯಲ್ಲೇ. ಸರ್ವರ್ ಇಟ್ಟುಕೊಂಡು ನೋಡಿಕೊಳ್ಳುವ ಜನ ಇಲ್ಲ, ಆದರೆ ತಿಂಗಳ ಬಿಲ್ ಕಟ್ಟಬಲ್ಲೆವು ಅನ್ನುವವರಿಗೆ ಅಜೂರ್‌ನ ಡೇಟಾ ಫ್ಯಾಕ್ಟರಿ ಚೆನ್ನಾಗಿ ಹೊಂದುತ್ತದೆ. ಅಲರ್ಟ್, ರಿಟ್ರೈ, ಪಾಸ್‌ವರ್ಡ್ ಇಡಲು ಕೀ ವಾಲ್ಟ್ ಎಲ್ಲ ಸಿದ್ಧವಾಗಿ ಸಿಗುತ್ತದೆ. ಎಸ್‌ಕ್ಯೂಎಲ್‌ಗೆ ‘ಸ್ಕ್ರಿಪ್ಟ್’ ಆ್ಯಕ್ಟಿವಿಟಿ ಬಳಸಿ. ‘ಲುಕಪ್’ ಇರುವುದು ಸಣ್ಣ ಪಟ್ಟಿ ಓದಲು. ಅದು 5,000 ಸಾಲಿಗಿಂತ ಹೆಚ್ಚು ಕೊಡುವುದಿಲ್ಲ, ಹೆಚ್ಚಿದ್ದರೆ ಮೊದಲ 5,000 ಮಾತ್ರ ಕೊಡುತ್ತದೆ. ಇದು ಗೊತ್ತಿಲ್ಲದಿದ್ದರೆ ಉಳಿದ ಸಾಲುಗಳು ಹೋದದ್ದೇ ಕಾಣುವುದಿಲ್ಲ. ಆಫೀಸಿನ ಒಳಗಿನ ಡೇಟಾಬೇಸ್ ಮುಟ್ಟಬೇಕಾದರೆ ಒಂದು ವಿಂಡೋಸ್ ಯಂತ್ರದಲ್ಲಿ ಸೆಲ್ಫ್ ಹೋಸ್ಟೆಡ್ ಇಂಟಿಗ್ರೇಷನ್ ರನ್‌ಟೈಮ್ ಹಾಕಬೇಕು. ಆ ಯಂತ್ರ ಆಫ್ ಆದರೆ ಕೆಲಸವೂ ನಿಂತಿತು.

ಬಿಲ್ ಬರುವುದು ಆ್ಯಕ್ಟಿವಿಟಿಗಳ ಸಂಖ್ಯೆ ಮತ್ತು ಸಮಯದ ಮೇಲೆ, ನಿಮಿಷಕ್ಕೆ ಮೇಲಕ್ಕೆ ಏರಿಸಿ. ಐದು ಸೆಕೆಂಡಿನ ಸ್ಕ್ರಿಪ್ಟ್‌ಗೂ ಒಂದು ನಿಮಿಷದ ಲೆಕ್ಕ. ದಿನಕ್ಕೊಮ್ಮೆ ರನ್ ಆಗುವ ಕೆಲಸಕ್ಕೆ ಇದು ಹಗುರ, ಐದೈದು ನಿಮಿಷಕ್ಕೆ ಇಪ್ಪತ್ತು ಸಣ್ಣ ಸ್ಕ್ರಿಪ್ಟ್ ಕರೆದರೆ ಭಾರ. ಹಾಗೆ ಕರೆಯಬೇಕಾದರೆ ಇಪ್ಪತ್ತನ್ನೂ ಒಂದು ಪ್ರೊಸೀಜರ್‌ನಲ್ಲಿ ಹಾಕಿ.

ಮುಂಬೈಯ ಪೇಮೆಂಟ್ ಕಂಪನಿಗಳಲ್ಲಿ ಇರುವವರು ರೀಜನ್ ಆರಿಸುವಾಗ ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ ಸುತ್ತೋಲೆಯನ್ನು ನೆನಪಿಡಬೇಕು. ಪೇಮೆಂಟ್ ಡೇಟಾ ಭಾರತದಲ್ಲೇ ಇರಬೇಕು. ಲಾಗ್, ಬ್ಯಾಕಪ್, ಸ್ಟೇಜಿಂಗ್ ಫೈಲ್‌ಗಳು ಎಲ್ಲಿ ಬೀಳುತ್ತವೆ ಅಂತಲೂ ನೋಡಿ.

ಏರ್‌ಫ್ಲೋ ಮತ್ತು ಡಿಬಿಟಿ

ಏರ್‌ಬಿಎನ್‌ಬಿಯಲ್ಲಿ 2014ರಲ್ಲಿ ಹುಟ್ಟಿ, ಆಮೇಲೆ ಅಪಾಚೆಗೆ ಬಂದ ಏರ್‌ಫ್ಲೋ ಇವತ್ತು ಕೆಲಸದ ಸಂದರ್ಶನಗಳಲ್ಲಿ ಕೇಳುವ ಹೆಸರು. ಅದರ ಬಲ ಎರಡು. ಯಾವುದು ಮುಗಿದ ಮೇಲೆ ಯಾವುದು ಅಂತ ಪೈಥಾನ್‌ನಲ್ಲಿ ಸ್ಪಷ್ಟವಾಗಿ ಬರೆಯಬಹುದು. ಎರಡನೆಯದು ನನಗೆ ಇನ್ನೂ ಮುಖ್ಯ: ಪ್ರತಿ ರನ್‌ಗೂ ಅದು ಯಾವ ದಿನದ ರನ್ ಎಂಬ ತಾರೀಖು ಅಂಟಿಕೊಂಡಿರುತ್ತದೆ. ಎಸ್‌ಕ್ಯೂಎಲ್ ಫೈಲ್‌ನಲ್ಲಿ ಆ ತಾರೀಖಿನ ಟೆಂಪ್ಲೇಟ್ ಇಟ್ಟರೆ, ಸೋಮವಾರ ಕೆಟ್ಟದ್ದನ್ನು ಗುರುವಾರ ಮತ್ತೆ ರನ್ ಮಾಡಿದರೂ ಸೋಮವಾರದ ಡೇಟಾವೇ ಬರುತ್ತದೆ. ಗಡಿಯಾರದ ಬಗ್ಗೆ ಮೇಲೆ ಹೇಳಿದ ಕಷ್ಟ ಇಲ್ಲಿ ಬಹುಪಾಲು ತೀರುತ್ತದೆ. ಶೆಡ್ಯೂಲ್ ಮೊದಲಿಗೆ ಯುಟಿಸಿಯಲ್ಲಿರುತ್ತದೆ, ಅದನ್ನು ಕೋಲ್ಕತಾ ಟೈಮ್‌ಝೋನ್‌ಗೆ ಬದಲಿಸಿಕೊಳ್ಳಬೇಕು.

ಬೆಲೆ? ಸಾಫ್ಟ್‌ವೇರ್ ಉಚಿತ, ನೋಡಿಕೊಳ್ಳುವುದು ಉಚಿತ ಅಲ್ಲ. ಅದಕ್ಕೇ ಒಂದು ಡೇಟಾಬೇಸ್ ಬೇಕು, ಶೆಡ್ಯೂಲರ್ ಬೇಕು, ವೆಬ್ ಭಾಗ ಬೇಕು. ಡಾಕರ್‌ನಲ್ಲಿ ಸುಮ್ನೆ ಪ್ರಯತ್ನಿಸಲು ಕೂಡ ಕನಿಷ್ಠ 4 ಜಿಬಿ ಮೆಮೊರಿ ಇಡಿ ಅಂತ ಅದರ ಕೈಪಿಡಿಯೇ ಹೇಳುತ್ತದೆ. ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಪೈಥಾನ್ ಬಲ್ಲವರು ಕನಿಷ್ಠ ಇಬ್ಬರು ಇಲ್ಲದ ಕಡೆ ನಾನು ಇದನ್ನು ಸೂಚಿಸುವುದಿಲ್ಲ. ಇನ್ನೊಂದು, ಏರ್‌ಫ್ಲೋ ಕೆಲಸ ಕರೆಯುವುದಕ್ಕೆ ಇರುವುದು. ಲಕ್ಷಾಂತರ ಸಾಲುಗಳನ್ನು ಅದರೊಳಗೆ ಎಳೆದು ತಂದು ಪೈಥಾನ್‌ನಲ್ಲಿ ಕೂಡಿಸುವುದಕ್ಕೆ ಅಲ್ಲ. ಆ ಕೆಲಸ ಡೇಟಾಬೇಸ್ ಮಾಡಲಿ.

ಡಿಬಿಟಿ ಇದರ ಎದುರಾಳಿ ಅಲ್ಲ, ಹಲವರು ಹಾಗೆ ತಿಳಿದಿದ್ದಾರೆ. ಡೇಟಾ ಈಗಾಗಲೇ ವೇರ್‌ಹೌಸ್‌ಗೆ (ವರದಿಗಾಗಿ ಎಲ್ಲ ಡೇಟಾ ಸೇರುವ ಡೇಟಾಬೇಸ್) ಬಂದಿದೆ ಅಂದಮೇಲೆ ಶುರುವಾಗುತ್ತದೆ ಇದರ ಕೆಲಸ. ನೀವು ಸೆಲೆಕ್ಟ್ ಮಾತ್ರ ಬರೆಯುತ್ತೀರಿ, ಟೇಬಲ್ ಕಟ್ಟುವುದು, ಮರ್ಜ್ ಮಾಡುವುದು, ಯಾವುದು ಮೊದಲು ಅನ್ನುವುದು ಎಲ್ಲ ಅದರ ಜವಾಬ್ದಾರಿ. ಖಾಲಿ ಇರಬಾರದು, ಎರಡು ಸಲ ಬರಬಾರದು ಅನ್ನುವ ಪರೀಕ್ಷೆಗಳನ್ನು ಒಂದೊಂದು ಸಾಲಿನಲ್ಲಿ ಬರೆಯಬಹುದು. ನನಗೆ ಇದು ತುಂಬ ಇಷ್ಟ, ಯಾಕೆಂದರೆ ಎಸ್‌ಕ್ಯೂಎಲ್ ಮಾತ್ರ ಬಲ್ಲ ಅಕೌಂಟ್ಸ್ ವಿಭಾಗದವರೂ ಇದನ್ನು ಓದಿ ತಪ್ಪು ಹೇಳಬಲ್ಲರು. ಆದರೆ ಡಿಬಿಟಿ ಕೋರ್‌ಗೆ ಸ್ವಂತ ಶೆಡ್ಯೂಲರ್ ಇಲ್ಲ, ಮೂಲದಿಂದ ಡೇಟಾ ಎತ್ತುವುದೂ ಇಲ್ಲ. ಕ್ರಾನ್ ಜೊತೆಗೋ ಏರ್‌ಫ್ಲೋ ಜೊತೆಗೋ ಇರಬೇಕು. ಕ್ರಾನ್ ಜೊತೆ ಡಿಬಿಟಿ ಅನ್ನುವ ಜೋಡಿ ಸಣ್ಣ ತಂಡಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಯಾರಿಗೆ ಯಾವುದು

ಮುಂಬೈಯಲ್ಲಿ ಐದಾರು ಶಾಖೆಯ ಹೋಟೆಲ್, ವಾರಕ್ಕೊಮ್ಮೆ ಬರುವ ಕಂಪ್ಯೂಟರ್ ಹುಡುಗ, ರಾತ್ರಿ ಒಂದು ಸಲ ಬಿಲ್ಲಿಂಗ್ ಡೇಟಾ ಒಂದೆಡೆ ಸೇರಬೇಕು. ಇವರು ಕ್ರಾನ್ ಅಥವಾ ಟಾಸ್ಕ್ ಶೆಡ್ಯೂಲರ್ ದಾಟಿ ಹೋಗಬೇಕಿಲ್ಲ. ಉಳಿದ ದುಡ್ಡನ್ನು ಬ್ಯಾಕಪ್‌ಗೆ ಹಾಕಲಿ. ವಹಿವಾಟಿನ ದಿನ ಮಧ್ಯರಾತ್ರಿಗೆ ಮುಗಿಯುವುದೋ, ಕೌಂಟರ್ ಮುಚ್ಚಿದಾಗ ಮುಗಿಯುವುದೋ ಅಂತ ಮಾಲೀಕರನ್ನು ಕೇಳಿ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಬರೆದಿಡಿ.

ಹಿಂಜೆವಾಡಿಯಲ್ಲಿ ಕೂತು ಗ್ರಾಹಕರ ನೂರಾರು ಎಸ್‌ಎಸ್‌ಐಎಸ್ ಪ್ಯಾಕೇಜ್ ನೋಡಿಕೊಳ್ಳುವ ತಂಡ ಎಲ್ಲವನ್ನೂ ಏರ್‌ಫ್ಲೋಗೆ ಬರೆಯಲು ಹೊರಡಬಾರದು. ಪ್ಯಾಕೇಜ್ ಒಳಗೆ ಹೂತಿರುವ ಎಸ್‌ಕ್ಯೂಎಲ್ ಅನ್ನು ಹೊರತೆಗೆದು ಪ್ರೊಸೀಜರ್ ಮಾಡಿ ಗಿಟ್‌ಗೆ ಹಾಕುವುದು ಮೊದಲ ಹೆಜ್ಜೆ. ಅದಾದ ಮೇಲೆ ಕರೆಯುವ ಟೂಲ್ ಯಾವಾಗ ಬೇಕಾದರೂ ಬದಲಿಸಬಹುದು. ಒಎಲ್‌ಇ ಡಿಬಿ ಕಮಾಂಡ್ ಇರುವ ಕಡೆ ಹುಡುಕಿ ತೆಗೆದರೆ ಸಮಯವೂ ಉಳಿಯುತ್ತದೆ.

ವೆರ್ಣಾದ ಔಷಧ ಕಾರ್ಖಾನೆಯಂಥ ಕಡೆ ಆಡಿಟ್ ಮೊದಲು. ಯಾರು, ಯಾವಾಗ, ಏನು ಬದಲಿಸಿದರು ಅಂತ ತೋರಿಸಬೇಕು. ಒರಾಕಲ್ ಇದ್ದರೆ ಅದರ ಶೆಡ್ಯೂಲರ್ ಮತ್ತು ಗಿಟ್‌ನಲ್ಲಿರುವ ಪ್ರೊಸೀಜರ್ ಸಾಕು. ಒರಾಕಲ್ ಜೊತೆ ಎಕ್ಸೆಲ್ ಫೈಲ್, ಯಂತ್ರಗಳ ಫೈಲ್ ಸೇರುವುದಾದರೆ ಹಾಪ್ ಇರಲಿ.

ಮುಂಬೈ ರೀಜನ್‌ನ ಕ್ಲೌಡ್ ಮೇಲೆ ಹೊಸದಾಗಿ ಶುರುವಾಗುವ, ಏಳೆಂಟು ಮೂಲಗಳಿರುವ, ಇಂಜಿನಿಯರ್‌ಗಳಿರುವ ಕಂಪನಿಗೆ ಏರ್‌ಫ್ಲೋ ಮತ್ತು ಡಿಬಿಟಿ. ಇಂಜಿನಿಯರ್ ಇಲ್ಲ, ಬಜೆಟ್ ಇದೆ ಅಂದರೆ ಡೇಟಾ ಫ್ಯಾಕ್ಟರಿ.

ಎರಡರ ನಡುವೆ ಇನ್ನೂ ತೂಗಾಡುತ್ತಿದ್ದರೆ ಒಂದು ದಿನ ಮೀಸಲಿಡಿ. ನಿಮ್ಮದೇ ಐದು ಸ್ಕ್ರಿಪ್ಟ್‌ಗಳನ್ನು ಟೆಸ್ಟ್ ಡೇಟಾಬೇಸ್ ಮೇಲೆ ಎರಡೂ ಟೂಲ್‌ನಲ್ಲಿ ಕಟ್ಟಿ. ಮೂರನೇ ಸ್ಕ್ರಿಪ್ಟ್‌ನಲ್ಲಿ ಇಲ್ಲದ ಕಾಲಮ್ ಹೆಸರು ಹಾಕಿ ರನ್ ಮಾಡಿ. ನಾಲ್ಕನೆಯದು ನಿಂತಿತೇ, ನಿಮ್ಮ ಫೋನಿಗೆ ಸುದ್ದಿ ಬಂತೇ ನೋಡಿ. ಹೆಸರು ಸರಿಮಾಡಿ, ಹಿಂದಿನ ವಾರದ ಒಂದು ತಾರೀಖು ಕೊಟ್ಟು ಎರಡು ಸಲ ರನ್ ಮಾಡಿ, ಮೊತ್ತ ಹೋಲಿಸಿ. ಎರಡನೇ ಸಲದ ಮೊತ್ತ ಎರಡೂ ಟೂಲ್‌ನಲ್ಲಿ ಮೊದಲ ಸಲಕ್ಕಿಂತ ಬೇರೆ ಬಂದರೆ ಆಯ್ಕೆಯನ್ನು ಪಕ್ಕಕ್ಕಿಟ್ಟು ಮೊದಲು ಸ್ಕ್ರಿಪ್ಟ್ ತಿದ್ದಿ.